ಅಲಿಬಾಗ್ ರಸ್ತೆಯ ಮಾತುಗಳು

ಮುಂಬೈನಲ್ಲಿ ಒಂದಷ್ಟು ವರ್ಷ ಇದ್ದವರಿಗೆ ಈ ಮಾತು ಗೊತ್ತಿರುತ್ತದೆ: ‘ಮೈ ಕ್ಯಾ ಅಲಿಬಾಗ್ ಸೇ ಆಯಾ ಹೂಂ?’ ನಾನೇನು ಪೆದ್ದನಾ, ನನಗೇ ಟೋಪಿ ಹಾಕ್ತೀಯಾ ಎಂದು ಅರ್ಥ. ನಾವು ಕನ್ನಡದಲ್ಲಿ ‘ಕಿವಿ ಮೇಲೆ ಹೂ ಇಡಬೇಡ’ ಎನ್ನುವ ಜಾಗದಲ್ಲಿ ಮುಂಬೈಯವರು ಇಡೀ ಒಂದು ಊರನ್ನೇ ಇಟ್ಟಿದ್ದಾರೆ. ಈ ಮಾತು ಅವಮಾನಕರ, ನಿಷೇಧಿಸಬೇಕು ಎಂದು ಒಬ್ಬರು ಬಾಂಬೆ ಹೈಕೋರ್ಟಿಗೂ ಹೋಗಿದ್ದರು. 2019ರಲ್ಲಿ ಕೋರ್ಟು ಅರ್ಜಿಯನ್ನು ವಜಾ ಮಾಡಿತು. ಎಲ್ಲ ಸಮುದಾಯಗಳ ಮೇಲೂ ಜೋಕುಗಳಿವೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂಬ ಧಾಟಿಯಲ್ಲಿ.

ನನಗೆ ಆ ಗಾದೆಯ ಬಗ್ಗೆ ಬೇರೆಯೇ ತಕರಾರಿದೆ. ಪಟ್ಟಣದವರು ಹಳ್ಳಿಗರನ್ನು ಪೆದ್ದರೆನ್ನುವುದು ಎಲ್ಲ ಕಡೆ ಇದ್ದದ್ದೇ. ಆದರೆ ಮುಂಬೈ ಇನ್ನೂ ಏಳು ದ್ವೀಪಗಳ ಕೆಸರಾಗಿದ್ದ ಕಾಲದಲ್ಲಿ ಅಲಿಬಾಗ್ ಕರಾವಳಿಯ ಊರುಗಳು ಅರಬ್ಬರ, ಪಾರಸಿಗಳ, ಪೋರ್ಚುಗೀಸರ, ಒಬ್ಬ ರಷ್ಯನ್ನನ ದಿನಚರಿಗಳಲ್ಲಿ ಹೆಸರು ಬರೆಸಿಕೊಂಡಾಗಿತ್ತು. ನಮ್ಮ ಮಳಖೇಡದ ಹೆಸರೂ ಅದೇ ಪುಟಗಳಲ್ಲಿ, ಅದೇ ಉಸಿರಿನಲ್ಲಿ ಬರುತ್ತದೆ. ಆದ್ದರಿಂದ ಈ ಪತ್ರದಲ್ಲಿ, ಮುಂಬೈ–ಪುಣೆಯವರು ಶನಿವಾರ ಹೋಗಿ ಭಾನುವಾರ ಬರುವ ಆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ರಸ್ತೆಯನ್ನು, ಅಲಿಬಾಗಿನಿಂದ ದಕ್ಷಿಣಕ್ಕೆ ಕೊರ್ಲಾಯ್‌ವರೆಗೆ, ನಿಧಾನವಾಗಿ ನೋಡೋಣ. ಕಡಲು, ತೆಂಗಿನ ತೋಟ, ಮೀನಿನೂಟ ಎಲ್ಲ ಅಲ್ಲೇ ಇರುತ್ತವೆ. ನಾನು ಹೆಚ್ಚಾಗಿ ಹೇಳುವುದು ಆ ರಸ್ತೆಯಲ್ಲಿ ಉಳಿದಿರುವ ಮಾತುಗಳ ಬಗ್ಗೆ.

ಹೋಗುವ ದಾರಿ ನಿಮಗೆ ಗೊತ್ತು. ಗೇಟ್‌ವೇಯಿಂದ ಮಾಂಡವಾಕ್ಕೆ ಲಾಂಚು, ಸುಮಾರು ಒಂದು ಗಂಟೆ. ಕಾರು ಒಯ್ಯುವವರಿಗೆ 2020ರಿಂದ ಭಾವುಚಾ ಧಕ್ಕಾದಿಂದ ರೋರೋ ಹಡಗು. ಮಳೆಗಾಲದಲ್ಲಿ ಗೇಟ್‌ವೇಯ ಲಾಂಚುಗಳು ನಿಲ್ಲುತ್ತವೆ. ಪುಣೆಯವರು ಖೋಪೋಲಿ–ಪೇಣ್ ಮೇಲೆ ಬರುತ್ತಾರೆ.

ಅಲಿಬಾಗ್ ಪೇಟೆಯಲ್ಲಿ ಎಲ್ಲರೂ ನೋಡುವುದು ಕಡಲೊಳಗಿನ ಕುಲಾಬಾ ಕೋಟೆ. ಶಿವಾಜಿ 1680ರಲ್ಲಿ ಕಟ್ಟಲು ಹೇಳಿ, ಸಂಭಾಜಿಯ ಕಾಲದಲ್ಲಿ ಪೂರ್ತಿಯಾಗಿ, ಆಮೇಲೆ ಕಾನ್ಹೋಜಿ ಆಂಗ್ರೆಯ ನೆಲೆಯಾದದ್ದು. 1721ರಲ್ಲಿ ಇಂಗ್ಲಿಷರೂ ಪೋರ್ಚುಗೀಸರೂ ಒಟ್ಟಾಗಿ ಬಂದು ಮುತ್ತಿದರೂ ದಕ್ಕಲಿಲ್ಲ. ಇಳಿತದ ವೇಳೆ ನಡೆದೇ ಹೋಗಬಹುದು, ನೀರು ಸ್ವಲ್ಪ ಇದ್ದರೆ ಕುದುರೆಗಾಡಿ. ಭರತದ ವೇಳೆ ಕೇಳಿಕೊಂಡು ಹೋಗಿ, ಇಲ್ಲವಾದರೆ ಕೋಟೆಯಲ್ಲೇ ಕೂತು ಕಾಯಬೇಕಾಗುತ್ತದೆ. ಸುತ್ತ ಉಪ್ಪುನೀರು, ಒಳಗೆ ಸಿಹಿನೀರಿನ ಬಾವಿ.

ಯಾರೂ ನೋಡದೆ ಹೋಗುವುದು ಅಲ್ಲಿನ ಅಯಸ್ಕಾಂತ ವೀಕ್ಷಣಾಲಯ. ಭೂಮಿಯ ಕಾಂತತ್ವವನ್ನು ಅಳೆಯುವ ಕೆಲಸ ಮೊದಲು ಮುಂಬೈನ ಕೊಲಾಬಾದಲ್ಲಿ ನಡೆಯುತ್ತಿತ್ತು. ಟ್ರಾಮುಗಳಿಗೆ ಕರೆಂಟು ಬರುತ್ತದೆ ಎಂದಾದಾಗ, ಆ ಕರೆಂಟಿನಿಂದ ಸೂಜಿ ಅಲ್ಲಾಡಿ ಅಳತೆ ಕೆಡುತ್ತದೆಂದು 1904ರಲ್ಲಿ ಅದನ್ನು ಅಲಿಬಾಗಿಗೆ ತಂದರು. ಉಪಕರಣ ಇಡುವ ಮನೆಯನ್ನು ಕಬ್ಬಿಣ ಬಳಸದೆ ಕಟ್ಟಿದ್ದಾರೆ. ಮುಂಬೈನ ಟ್ರಾಮುಗಳು ಯಾವತ್ತೋ ನಿಂತುಹೋದವು, ಅಲಿಬಾಗಿನ ಸೂಜಿ ಇನ್ನೂ ಬರೆಯುತ್ತಿದೆ. ಗದ್ದಲದಿಂದ ದೂರ ಇದ್ದುದರಿಂದಲೇ ಉಳಿದ ಸಂಗತಿಗಳು ಈ ರಸ್ತೆಯಲ್ಲಿ ಇನ್ನೂ ಸಿಗುತ್ತವೆ, ಅದಕ್ಕೇ ಈ ಮಾತು ಹೇಳಿದೆ.

ಅಲಿಬಾಗ್ ಎಂಬ ಹೆಸರಿನ ಬಗ್ಗೆ ಸ್ಥಳೀಯರು ಹೇಳುವ ಕಥೆ: ಅಲಿ ಎಂಬ ಶ್ರೀಮಂತನ ತೋಟ, ಅವನು ಬೆನೆ ಇಸ್ರೇಲಿ. ಬೆನೆ ಇಸ್ರೇಲಿಗಳೆಂದರೆ ಈ ಕರಾವಳಿಯ ಯೆಹೂದಿಗಳು. ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ನವಗಾವ್ ದಡಕ್ಕೆ ಈಜಿ ಬಂದರು, ಅವರ ಸಂತಾನ ನಾವು ಎಂಬುದು ಅವರ ನಂಬಿಕೆ. ಯಾವ ಶತಮಾನ ಎಂದು ಕೇಳಬೇಡಿ, ಕಥೆಗೆ ತೇದಿ ಇಲ್ಲ. ಎಣ್ಣೆ ಗಾಣ ಅವರ ಕಸುಬು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರವರು ‘ಶನಿವಾರ್ ತೇಲಿ’ ಎಂದು ಕರೆದರು. ಧರ್ಮದ ಹೆಸರು ಗೊತ್ತಿಲ್ಲದ ನೆರೆಹೊರೆಯವರು ರಜೆಯ ದಿನದಿಂದಲೇ ಒಂದು ಜಾತಿಯನ್ನು ಗುರುತಿಸಿಬಿಟ್ಟರು! ಮನೆಮಾತು ಮರಾಠಿ, ಅಡ್ಡಹೆಸರುಗಳು ಊರಿನವು: ಪೇಣ್‌ಕರ್, ರೋಹೇಕರ್, ಕೇಹಿಮ್‌ಕರ್, ಚೇವೂಲ್‌ಕರ್. 1948ರ ನಂತರ ಹೆಚ್ಚಿನವರು ಇಸ್ರೇಲಿಗೆ ಹೋದರು. ಅಲ್ಲಿಂದ ‘ಮಾಯಬೋಲಿ’ ಎಂಬ ಮರಾಠಿ ಪತ್ರಿಕೆಯನ್ನೂ ತಂದರು. ತಾಯ್ನಾಡೆಂದು ಹೋದ ನೆಲದಲ್ಲಿ ಕೂತು ತಾಯ್ನುಡಿಗೆಂದು ಮರಾಠಿ ಪತ್ರಿಕೆ ಮಾಡಿದವರು ಇವರು. ಅಲಿಬಾಗಿನ ಇಸ್ರಾಯೇಲ್ ಆಳಿಯಲ್ಲಿ ಸಿನಗಾಗ್ ಇನ್ನೂ ಇದೆ. ರೇವದಂಡಾದಲ್ಲಿ ಇನ್ನೊಂದು.

ಅಲಿಬಾಗ್ ದಾಟಿದರೆ ಆಕ್ಷಿ, ನಾಗಾವ್. ಇಲ್ಲಿನ ರಸ್ತೆಯೇ ಒಂದು ತೋಟ. ಎರಡೂ ಕಡೆ ತೆಂಗು, ಅಡಿಕೆ, ನಡುನಡುವೆ ಕೆರೆ. ಕುಮಟಾ ಹೊನ್ನಾವರ ಕಡೆಯವರಿಗೆ ಒಂದು ಕ್ಷಣ ಊರಿಗೇ ಬಂದಂತಾಗುತ್ತದೆ. ಚಳಿಗಾಲದಲ್ಲಿ ಬಂದರೆ ಪೋಪಟಿ ತಿನ್ನದೆ ಹೋಗಬೇಡಿ: ಮಣ್ಣಿನ ಮಡಕೆಯಲ್ಲಿ ಭಾಂಬುರ್ಡಾ ಎಂಬ ಕಾಡುಸೊಪ್ಪು ಹಾಸಿ, ಅವರೆ ಜಾತಿಯ ವಾಲ್ ಕಾಯಿ, ಮೊಟ್ಟೆ, ಕೋಳಿ ತುಂಬಿ, ಬಾಯಿಗೆ ಸೊಪ್ಪು ತುರುಕಿ, ಮಡಕೆಯನ್ನು ಬೋರಲು ಹಾಕಿ ಸುತ್ತ ಬೆಂಕಿ ಹಚ್ಚುತ್ತಾರೆ. ನೀರು ಒಂದು ಹನಿ ಇಲ್ಲ. ನಮ್ಮ ಕಡೆ ಹೊಲದಲ್ಲಿ ಅವರೆಕಾಯಿ, ಕಡಲೆಕಾಯಿ ಸುಟ್ಟು ತಿಂದವರಿಗೆ ಈ ಹೊಗೆಯ ವಾಸನೆ ಪರಿಚಿತ.

ಆಕ್ಷಿಯಲ್ಲಿ ರಸ್ತೆ ಪಕ್ಕ ಒಂದು ಕಲ್ಲಿದೆ. ಶಿಲಾಹಾರ ದೊರೆ ಕೇಶಿದೇವನ ಕಾಲದ ಶಾಸನ, ಮಹಾಲಕ್ಷ್ಮಿ ದೇವಿಗೆ ಕೊಟ್ಟ ದಾನದ ವಿಷಯ. ಶಕ 934, ಅಂದರೆ ಕ್ರಿ.ಶ. 1012 ಎಂದು ಓದುವವರು ಇದನ್ನು ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಒಂದೆನ್ನುತ್ತಾರೆ. ಶಿಲಾಹಾರರಲ್ಲಿ ಇಬ್ಬರು ಕೇಶಿದೇವರಿದ್ದುದರಿಂದ, ಇದು ಎರಡನೆಯವನದು, ಇನ್ನೂರು ವರ್ಷ ಈಚಿನದು ಎನ್ನುವ ಪಂಡಿತರೂ ಇದ್ದಾರೆ. ‘ಅತಿ ಹಳೆಯ’ ಎಂಬ ಪದವಿಗೆ ಇದರ ಪ್ರತಿಸ್ಪರ್ಧಿ ಎಲ್ಲಿದೆ ಗೊತ್ತೇ? ಶ್ರವಣಬೆಳಗೊಳದಲ್ಲಿ. ಗೊಮ್ಮಟನ ಪಾದದ ಬಳಿ ಚಾವುಂಡರಾಯ ಮಾಡಿಸಿದ ಎಂಬ ಒಂದೇ ಮಾತನ್ನು ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಕೆತ್ತಿದ್ದಾರೆ. ಮರಾಠಿಯ ಹುಟ್ಟಿದ ದಿನದ ದಾಖಲೆ ಹುಡುಕುವವರು ಹಾಸನ ಜಿಲ್ಲೆಗೂ ಬರಬೇಕು, ರಾಯಗಡ ಜಿಲ್ಲೆಗೂ ಬರಬೇಕು.

ಆಕ್ಷಿಯ ಕಲ್ಲಿನಲ್ಲಿ ಇನ್ನೊಂದು ಗಮನಿಸಬೇಕಾದ ಸಂಗತಿ ಶಾಪ. ನಮ್ಮ ಶಾಸನಗಳಲ್ಲಿ ದಾನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ ಬರುತ್ತದೆ. ಶಿಲಾಹಾರರ ಕೊಂಕಣದಲ್ಲಿ ಅವನ ತಾಯಿಗೆ ಕತ್ತೆಯ ಬೈಗುಳ. ಎಷ್ಟೋ ಕಲ್ಲುಗಳ ಮೇಲೆ ಓದು ಬರದವರಿಗೂ ತಿಳಿಯಲಿ ಎಂದು ಚಿತ್ರವನ್ನೇ ಕೆತ್ತಿದ್ದಾರೆ. ಮರಾಠಿಯಲ್ಲಿ ಇಂಥ ಕಲ್ಲಿಗೆ ‘ಗಧೇಗಳ್’ ಎನ್ನುತ್ತಾರೆ. ಕಾನೂನಿನ ಭಾಷೆ ಇಷ್ಟು ಸಲೀಸಾಗಿದ್ದದ್ದು ಅದೇ ಕೊನೆ ಇರಬೇಕು. ಒಂದು ಬೇಸರ ಮಾತ್ರ ಹೇಳಲೇಬೇಕು: ದಾನಕ್ಕೆ ಕೈ ಹಾಕುವವನು ಗಂಡಸು, ಶಾಪ ಬೀಳುವುದು ಅವನ ತಾಯಿಯ ಮೇಲೆ. ಸಾವಿರ ವರ್ಷದಲ್ಲಿ ನಮ್ಮ ಬೈಗುಳಗಳ ವ್ಯಾಕರಣ ಬದಲಾಗಿಲ್ಲ.

ಈಗ ಚೌಲ್. ಕಾರಿನಲ್ಲಿ ಹೋಗುವವರಿಗೆ ಇದು ಒಂದು ಬೋರ್ಡು, ಎರಡು ತಿರುವು ಅಷ್ಟೆ. ಟಾಲೆಮಿ ಇದನ್ನು ಸಿಮುಲ್ಲಾ ಎಂದ, ಪೆರಿಪ್ಲಸ್ ಬರೆದವನು ಸೆಮುಲ್ಲಾ ಎಂದ, ಅರಬ್ಬರು ಸೈಮೂರ್ ಎಂದರು, ಶಿಲಾಹಾರರು ಚೇಮುಲ್ಯ ಎಂದರು. ಎರಡು ಸಾವಿರ ವರ್ಷ ಬಂದರಾಗಿದ್ದ ಊರು ಈಗ ಕೆರೆ, ಗುಡಿ, ಅಡಿಕೆ ತೋಟದ ಹಳ್ಳಿ. ರಾಮೇಶ್ವರ ದೇವಸ್ಥಾನ, ದತ್ತನ ಗುಡ್ಡ, ಹಿಂಗಳಾಜ ಗುಹೆ ನೋಡಬಹುದು. ಗುಡ್ಡದ ಮೆಟ್ಟಿಲು ಹತ್ತಿದರೆ ತೋಟಗಳ ಆಚೆ ಕಡಲು ಕಾಣುತ್ತದೆ.

ಇಲ್ಲಿಗೆ ಹಿಜರಿ 304ರಲ್ಲಿ, ಕ್ರಿ.ಶ. 916ರ ಹೊತ್ತಿಗೆ, ಬಾಗ್ದಾದಿನ ಅಲ್ ಮಸೂದಿ ಬಂದಿದ್ದ. ಊರಲ್ಲಿ ಹತ್ತು ಸಾವಿರ ಮುಸಲ್ಮಾನರಿದ್ದಾರೆ, ಇಲ್ಲೇ ಹುಟ್ಟಿದವರಿಗೆ ಬಯಾಸಿರಾ ಎಂದು ಹೆಸರು, ಊರಿನ ಅಧಿಕಾರಿ ಝಂಝ, ಇವರೆಲ್ಲರ ಮೇಲಿನ ದೊರೆ ಬಲ್ಹರಾ ಎಂದು ಬರೆದ. ಝಂಝ ಶಿಲಾಹಾರ. ಬಲ್ಹರಾ ಎಂದರೆ ವಲ್ಲಭರಾಜ, ನಮ್ಮ ರಾಷ್ಟ್ರಕೂಟ. ರಾಜಧಾನಿ ಮಾಂಕೀರ್, ಅಂದರೆ ಮಾನ್ಯಖೇಟ, ಅಂದರೆ ಕಲಬುರಗಿ ಜಿಲ್ಲೆಯ ಮಳಖೇಡ. ಮುಸಲ್ಮಾನರನ್ನು ಇಷ್ಟು ಗೌರವದಿಂದ ನಡೆಸಿಕೊಳ್ಳುವ ದೊರೆ ಹಿಂದ್‌ನಲ್ಲಿ ಬೇರೊಬ್ಬನಿಲ್ಲ ಎಂದೂ ಅವನು ಬರೆದಿದ್ದಾನೆ.

ಭಾಷೆ ಓದಿದವಳಾಗಿ ನನಗೆ ಇದಕ್ಕಿಂತ ರುಚಿಯಾದದ್ದು ಅವನ ಇನ್ನೊಂದು ಸಾಲು. ಬಲ್ಹರಾನ ರಾಜಧಾನಿಯಲ್ಲಿ ಆಡುವ ಮಾತು ‘ಕೀರಿಯಾ’, ಕರಾವಳಿಯ ಸೈಮೂರ್, ಸುಬಾರಾ, ಥಾಣೆಗಳಲ್ಲಿ ಆಡುವುದು ‘ಲಾರಿಯಾ’ ಎನ್ನುತ್ತಾನೆ. ಕೀರಿಯಾ ಎಂದರೆ ಕನ್ನಡವೇ ಎಂದು ಹಲವರು ಊಹಿಸಿದ್ದಾರೆ. ಅರಬ್ಬಿ ಲಿಪಿಯಲ್ಲಿ ನಕಲಿನ ಮೇಲೆ ನಕಲಾಗಿ ಬಂದ ಹೆಸರನ್ನು ಹಿಡಿದು ಪ್ರಮಾಣ ಮಾಡುವುದು ಕಷ್ಟ. ಆದರೆ ಒಂದು ಮಾತು ನಿಜ: ಆಳುವವರ ಭಾಷೆ ಬೇರೆ, ಬಂದರಿನ ಭಾಷೆ ಬೇರೆ ಎಂಬುದನ್ನು ಅವನ ಕಿವಿ ಹಿಡಿದಿತ್ತು. ಆ ಕಾಲದ ಸೈಮೂರಿನ ದಕ್ಕೆಯ ಮೇಲೆ ಮಳಖೇಡದಿಂದ ಬಂದ ಒಬ್ಬ ಸುಂಕದವನು, ಸುತ್ತ ಯಾರಿಗೂ ಅರ್ಥವಾಗದ ಕನ್ನಡದಲ್ಲಿ ಮನೆಯವರನ್ನು ನೆನೆಸಿಕೊಂಡಿರಬಹುದು. ಇದು ಇತಿಹಾಸವಲ್ಲ, ಪುಣೆಯಲ್ಲಿ ಕೂತ ನನ್ನ ಕಲ್ಪನೆ.

ಐನೂರೈವತ್ತು ವರ್ಷ ಮುಂದೆ ಹೋದರೆ ಇದೇ ಚೌಲ್ ದಂಡೆಗೆ ಅಫನಾಸಿ ನಿಕಿತಿನ್ ಇಳಿದ. ರಷ್ಯಾದ ತ್ವೇರ್ ಊರಿನ ವ್ಯಾಪಾರಿ. ಬಂದದ್ದು 1469 ಎಂಬುದು ಹಳೆಯ ಲೆಕ್ಕ, ಒಂದೆರಡು ವರ್ಷ ಈಚೆಗೆ ಎಂದೂ ಹೇಳುತ್ತಾರೆ. ಮಾರಲು ತಂದದ್ದು ಒಂದು ಕುದುರೆ. ಒಂದೇ ಒಂದು! ಅದನ್ನು ಹಿಡಿದುಕೊಂಡು ಘಟ್ಟ ಹತ್ತಿ ಜುನ್ನರಿಗೆ ಹೋದ. ಅಲ್ಲಿನ ಖಾನ ಕುದುರೆಯನ್ನು ಕಿತ್ತುಕೊಂಡು, ಧರ್ಮ ಬದಲಿಸಿದರೆ ಕುದುರೆಯ ಜೊತೆ ಸಾವಿರ ಹೊನ್ನೂ ಕೊಡುತ್ತೇನೆ ಎಂದ. ಖುರಾಸಾನಿನ ಪರಿಚಿತ ವ್ಯಾಪಾರಿಯೊಬ್ಬ ಮಧ್ಯೆ ಬಂದು ಬಿಡಿಸಿದ. ಆ ಕುದುರೆ ಕೊನೆಗೆ ಮಾರಾಟವಾದದ್ದು ಬೀದರಿನಲ್ಲಿ, ಮಹಮೂದ್ ಗವಾನನ ಕಾಲದ ಬೀದರಿನಲ್ಲಿ.

ನಿಕಿತಿನ್‌ನ ಬರಹದಲ್ಲಿ ಅನುವಾದಕರಿಗೆ ತಲೆನೋವು ತರುವ ಭಾಗಗಳಿವೆ. ರಷ್ಯನ್ ಭಾಷೆಯಲ್ಲಿ ಬರೆಯುತ್ತಾ ಬರೆಯುತ್ತಾ ಹಠಾತ್ತಾಗಿ ತುರ್ಕಿ, ಪಾರಸಿ, ಅರಬ್ಬಿ ಬೆರೆತ ಒಂದು ಸಂತೆಭಾಷೆಗೆ ಹೊರಳುತ್ತಾನೆ, ಲಿಪಿ ಮಾತ್ರ ರಷ್ಯನ್ನೇ. ನಾಚಿಕೆಯ ವಿಷಯಗಳನ್ನೂ, ದೇವರ ಬಗೆಗಿನ ಅನುಮಾನಗಳನ್ನೂ ಆ ಭಾಷೆಯಲ್ಲೇ ಬರೆದಿದ್ದಾನೆ. ಕೊನೆಯ ಪ್ರಾರ್ಥನೆಯೂ ಅದರಲ್ಲೇ. ಮನೆಗೆ ಮುಟ್ಟುವ ಮೊದಲೇ, ಸ್ಮೊಲೆನ್ಸ್ಕ್ ಹತ್ತಿರ ತೀರಿಕೊಂಡ. ಅವನ ನೆನಪಿನ ಕಂಬ ಈಗ ರೇವದಂಡಾದ ಒಂದು ಶಾಲೆಯ ಅಂಗಳದಲ್ಲಿದೆ. ಭಾನುವಾರ ಗೇಟು ಹಾಕಿದ್ದರೆ ಆಚೆಯಿಂದಲೇ ನೋಡಬೇಕು.

ರೇವದಂಡಾ ಎಂದರೆ ಪೋರ್ಚುಗೀಸರ ಚೌಲ್. 1508ರಲ್ಲಿ ಈ ನದಿಬಾಯಲ್ಲಿ ಈಜಿಪ್ಟಿನ ಮಮ್ಲೂಕರೂ ದೀವ್‌ನ ಮಲಿಕ್ ಅಯಾಜನೂ ಸೇರಿ ಪೋರ್ಚುಗೀಸ್ ಹಡಗುಗಳನ್ನು ಸೋಲಿಸಿದರು, ವೈಸ್‌ರಾಯ್ ಅಲ್ಮೇಡಾನ ಮಗ ಸತ್ತ. 1521ರಲ್ಲಿ ಅಹಮದ್‌ನಗರದ ನಿಜಾಮಶಾಹಿಯಿಂದ ಒಪ್ಪಿಗೆ ಪಡೆದು ಪೋರ್ಚುಗೀಸರು ಕೋಟೆ ಕಟ್ಟಲು ಶುರು ಮಾಡಿದರು. ಈಗ ಆ ಕೋಟೆಯೊಳಗೇ ರಸ್ತೆ, ರಸ್ತೆಯಲ್ಲಿ ಎಸ್‌ಟಿ ಬಸ್ಸು. ಗೋಡೆಗಳ ಒಳಗೆ ತೆಂಗಿನ ತೋಟ, ತೋಟದ ನಡುವೆ ಮಾಡಿಲ್ಲದ ಇಗರ್ಜಿಗಳು, ಏಳು ಅಂತಸ್ತಿನದೆಂದು ಹೆಸರಾದ, ಈಗ ಅಷ್ಟು ಉಳಿದಿಲ್ಲದ ಸಾತಖಣಿ ಬುರುಜು. ಕಡಲ ಕಡೆಯ ಗೋಡೆಯ ಗುಂಟ ಮರಳಿನಲ್ಲಿ ನಡೆಯುವುದು ಈ ಇಡೀ ದಾರಿಯಲ್ಲಿ ನನಗೆ ಇಷ್ಟದ ಅರ್ಧ ಗಂಟೆ.

ಅಲ್ಲಿಂದ ಎದುರಿಗೆ ಕಾಣುವ, ಕಡಲಿಗೆ ಮೂತಿ ಚಾಚಿದ ಗುಡ್ಡವೇ ಕೊರ್ಲಾಯ್. ನದಿ ಕುಂಡಲಿಕಾ. ಗುಡ್ಡವನ್ನು ಹಿಡಿದವನ ಕೈಯಲ್ಲಿ ಬಂದರು. 1594ರಲ್ಲಿ ನಿಜಾಮಶಾಹಿಯವರು ಅಲ್ಲಿ ಕೋಟೆ ಕಟ್ಟಿದರು, ಅದೇ ವರ್ಷ ಪೋರ್ಚುಗೀಸರು ಕಿತ್ತುಕೊಂಡರು. 1739ರಲ್ಲಿ ಚಿಮಾಜಿ ಅಪ್ಪ ವಸಾಯಿ ಗೆದ್ದ ಮೇಲೆ ಇಲ್ಲಿಯ ಆಟವೂ ಮುಗಿಯಿತು. 1740ರಲ್ಲಿ ಚೌಲ್, ಕೊರ್ಲಾಯ್ ಎರಡೂ ಮರಾಠರ ಪಾಲಾದವು. ಅಧಿಕಾರಿಗಳು, ಸೈನಿಕರು, ಹಣವಿದ್ದವರು ಗೋವಾಕ್ಕೆ ಹೊರಟರು.

ಹೋಗಲು ದಾರಿಯಿಲ್ಲದ ಬಡ ಕ್ರೈಸ್ತರು ಉಳಿದರು. ಮತಾಂತರವಾದ ಸ್ಥಳೀಯರು, ಹೆಚ್ಚಾಗಿ ಕೆಳಗಿನ ಜಾತಿಗಳವರು, ಗುಲಾಮರ ಮಕ್ಕಳು, ಸಿಪಾಯಿಗಳ ಮಕ್ಕಳು. ಕೋಟೆಯ ಬುಡದಲ್ಲಿ ನೆಲೆಯಾದರು. ಅವರ ಬಾಯಲ್ಲಿ ಅಷ್ಟು ಹೊತ್ತಿಗೆ ಒಂದು ಹೊಸ ಭಾಷೆ ಹುಟ್ಟಿತ್ತು. ಪದಗಳು ಪೋರ್ಚುಗೀಸಿನವು, ವ್ಯಾಕರಣ ಬಂದರಿನದು. ಭಾಷಾವಿಜ್ಞಾನದಲ್ಲಿ ಇಂಥದ್ದಕ್ಕೆ ಕ್ರಿಯೋಲ್ ಎನ್ನುತ್ತಾರೆ. ಅದನ್ನಾಡುವವರು ‘ನೋ ಲಿಂಗ್’ ಎನ್ನುತ್ತಾರೆ, ನಮ್ಮ ಮಾತು ಎಂದರ್ಥ. ಪೋರ್ಚುಗೀಸ್ ಬಾವುಟ ಇಳಿದು ಇನ್ನೂರ ಎಂಬತ್ತಕ್ಕೂ ಹೆಚ್ಚು ವರ್ಷವಾದರೂ, ಪೋರ್ಚುಗಲ್ಲನ್ನು ಕಣ್ಣಲ್ಲೂ ಕಾಣದ ಜನ ಅದನ್ನು ಆಡುತ್ತಲೇ ಇದ್ದಾರೆ. ಸಂಖ್ಯೆ ಹೆಚ್ಚೆಂದರೆ ಒಂದು ಸಾವಿರದ ಆಸುಪಾಸು. ಮುಂಬೈನ ಒಂದೇ ಲೋಕಲ್ ರೈಲಿನಲ್ಲಿ ಇಡೀ ಭಾಷೆ ಹಿಡಿಸುತ್ತದೆ.

ಈ ಭಾಷೆಯನ್ನು ಹೊರಗಿನ ವಿದ್ವಾಂಸರಿಗೆ ಚೆನ್ನಾಗಿ ಪರಿಚಯಿಸಿದವರು ಅಮೆರಿಕದ ಭಾಷಾವಿಜ್ಞಾನಿ ಕ್ಲ್ಯಾನ್ಸಿ ಕ್ಲೆಮೆಂಟ್ಸ್. ಅವರ ಪುಸ್ತಕ ಬಂದದ್ದು 1996ರಲ್ಲಿ. ಅದನ್ನು ಓದುವಾಗ ಕನ್ನಡದವರಿಗೆ ಒಂದು ವಿಚಿತ್ರ ಸಲಿಗೆ ಅನ್ನಿಸುತ್ತದೆ. ಪೋರ್ಚುಗೀಸಿನಲ್ಲಿ ಕ್ರಿಯಾಪದ ವಾಕ್ಯದ ನಡುವೆ ಬರುತ್ತದೆ. ಕೊರ್ಲಾಯ್‌ನಲ್ಲಿ ಅದು ಸರಿದು ಸರಿದು ಕೊನೆಗೆ ಬಂದು ಕೂತಿದೆ, ಮರಾಠಿಯಲ್ಲಿ ಇರುವಂತೆ, ಕನ್ನಡದಲ್ಲಿ ಇರುವಂತೆ. ಪೋರ್ಚುಗೀಸಿನಲ್ಲಿ ಮನೆ ಮೊದಲು, ಆಮೇಲೆ ಪೆದ್ರು. ಇಲ್ಲಿ ಪೆದ್ರು ಮೊದಲು, ಅವನಿಗೆ ‘ಸು’ ಎಂಬ ಒಂದು ಬಾಲ, ಆಮೇಲೆ ಮನೆ. ನಮ್ಮ ಷಷ್ಠಿ ವಿಭಕ್ತಿಯದೇ ಕೆಲಸ. ಪೋರ್ಚುಗೀಸಿನಿಂದ ಬಂದ ಕ್ರಿಯಾಪದಗಳು ಅ, ಎ, ಇ ಸ್ವರಗಳ ಮೂರು ಗುಂಪಾದರೆ, ಮರಾಠಿಯಿಂದ ತಂದುಕೊಂಡವಕ್ಕೆ ಉಕಾರದ ನಾಲ್ಕನೆಯ ಗುಂಪು. ಬಾಡಿಗೆಗೆ ಬಂದವರಿಗೆ ಪ್ರತ್ಯೇಕ ಕೋಣೆ ಕಟ್ಟಿಕೊಟ್ಟ ಹಾಗೆ.

ಇಂಥದ್ದನ್ನು ನಾವು ನೋಡಿಲ್ಲದವರಲ್ಲ. ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಒಟ್ಟಿಗೆ ಬಾಳಿದ ಬಗೆಯ ಮೇಲೆ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನ ಭಾಷಾವಿಜ್ಞಾನದ ಯಾವ ತರಗತಿಯಲ್ಲೂ ತಪ್ಪುವುದಿಲ್ಲ. ಪದಗಳು ಬೇರೆಬೇರೆಯೇ ಉಳಿದು, ವಾಕ್ಯದ ಅಚ್ಚು ಮಾತ್ರ ಒಂದೇ ಆಗಿಬಿಟ್ಟಿತ್ತು ಅಲ್ಲಿ. ‘ಇದು ನಮ್ಮ ಮನೆ’ ಎಂದು ನಿಲ್ಲಿಸಬೇಕಾದ ಕನ್ನಡ, ಮರಾಠಿಯ ‘ಆಹೇ’ಗೆ ಸರಿಯಾಗಿ ಕೊನೆಯಲ್ಲೊಂದು ‘ಐತಿ’ ಸೇರಿಸಿಕೊಂಡಿತ್ತು. ಇನ್ನು ಪದಗಳ ಲೆಕ್ಕಕ್ಕೆ ಬಂದರೆ ಕೊರ್ಲಾಯ್‌ನವರ ಪಾಲು ನಮ್ಮ ಮನೆಯಲ್ಲೂ ಇದೆ: ಮೇಜು, ಚಾವಿ, ಇಸ್ತ್ರಿ, ಪಾದ್ರಿ, ಉತ್ತರ ಕರ್ನಾಟಕದವರ ಬಟಾಟೆ, ಪಗಾರ. ಎಲ್ಲ ಪೋರ್ಚುಗೀಸರ ಹಡಗಿನಿಂದ ಇಳಿದವು.

ಭಾಷೆ ಇಷ್ಟು ದಿನ ಉಳಿದದ್ದು ಹೇಗೆ? ಹೆಮ್ಮೆಯಿಂದ ಅಲ್ಲ. ಸುತ್ತಲಿನ ಹಿಂದೂಗಳಿಂದ ಧರ್ಮ ಅವರನ್ನು ಬೇರೆ ಮಾಡಿತು, ಬೇರೆ ಕ್ರೈಸ್ತರಿಂದ ಜಾತಿ ಬೇರೆ ಮಾಡಿತು, ರೇವದಂಡಾದಿಂದ ನದಿ ಬೇರೆ ಮಾಡಿತು. ಮದುವೆ ಊರೊಳಗೇ, ಮಾತು ಊರೊಳಗೇ. ಭಾಷೆ ಕಾಪಾಡಿಕೊಂಡರು ಎಂದು ನಾವು ದೂರದಿಂದ ಕೊಂಡಾಡುವುದು ಸುಲಭ. ಆ ಕಾಪಾಡುವಿಕೆಯ ಅರ್ಧ ಭಾಗ ಬೇರೆ ಯಾರೂ ಅವರನ್ನು ಹತ್ತಿರ ಸೇರಿಸದೆ ಇದ್ದುದರ ಫಲ. 1980ರ ದಶಕದಲ್ಲಿ ಕುಂಡಲಿಕಾದ ಮೇಲೆ ಸೇತುವೆ ಬಂತು. ಕೆಲಸ, ಕಾಲೇಜು, ಆಸ್ಪತ್ರೆ ಹತ್ತಿರವಾದವು. ಶಾಲೆ ಮರಾಠಿಯದು. ಹುಡುಗರು ಮುಂಬೈಗೆ ಹೋಗುತ್ತಾರೆ, ಹೊರಗಿನಿಂದ ಸೊಸೆಯಂದಿರು ಬರುತ್ತಾರೆ, ಮನೆಯಲ್ಲಿ ಯಾವ ಭಾಷೆ ಎಂಬುದು ಮೊದಲ ಬಾರಿಗೆ ಒಂದು ಪ್ರಶ್ನೆಯಾಗುತ್ತದೆ. ಸೇತುವೆ ಬೇಡವಿತ್ತು ಎಂದು ಹೇಳುವ ಹಕ್ಕು ಹೊರಗಿನ ಯಾರಿಗೂ ಇಲ್ಲ, ನನ್ನಂಥ ಭಾಷೆ ಓದಿದವರಿಗಂತೂ ಇಲ್ಲವೇ ಇಲ್ಲ.

ಇದೇ ಕುಟುಂಬದ ಕೊಚ್ಚಿಯ ಕ್ರಿಯೋಲನ್ನು ನಿರರ್ಗಳವಾಗಿ ಆಡುತ್ತಿದ್ದ ಕೊನೆಯ ವ್ಯಕ್ತಿ 2010ರಲ್ಲಿ ತೀರಿಕೊಂಡರು. ದಮನ್, ದೀವ್‌ಗಳಲ್ಲಿ ಇನ್ನೂ ಆಡುವವರಿದ್ದಾರೆ. ಮುಂಬೈ ಮತ್ತು ವಸಾಯಿ ಕಡೆಯದು ಎಂದೋ ಹೋಯಿತು. ಆ ಪಟ್ಟಿಯಲ್ಲಿ ಕೊರ್ಲಾಯ್‌ನ ಗಟ್ಟಿತನ ಆಶ್ಚರ್ಯದ್ದು, ಅಲ್ಲಿ ಮಕ್ಕಳೂ ಆಡುತ್ತಾರೆ ಎಂಬುದೇ ಅದಕ್ಕೆ ಕಾರಣ. ಪುಣೆಯ ನಮ್ಮ ಸೊಸೈಟಿಯಲ್ಲಿ ನಾಲ್ಕು ಕನ್ನಡ ಮನೆಗಳಿವೆ. ದೊಡ್ಡವರು ಕನ್ನಡದಲ್ಲಿ ಕೇಳುತ್ತಾರೆ, ಮಕ್ಕಳು ಹಿಂದಿಯಲ್ಲಿ ಉತ್ತರಿಸುತ್ತಾರೆ, ಎರಡೂ ಕಡೆಯವರಿಗೆ ಅದು ಸಹಜ. ನಾಲ್ಕೂವರೆ ಕೋಟಿ ಜನರ ಭಾಷೆಯ ಬೆನ್ನಿಗೆ ಒಂದು ರಾಜ್ಯವಿದೆ, ನಮ್ಮ ನಾಲ್ಕು ಮನೆಯಿಂದ ಅದಕ್ಕೇನೂ ಆಗುವುದಿಲ್ಲ. ಕೊರ್ಲಾಯ್‌ನಲ್ಲಿ ನಾಲ್ಕು ಮನೆ ಎಂದರೆ ಲೆಕ್ಕಕ್ಕೆ ಬರುವ ಸಂಖ್ಯೆ.

ಹೋದರೆ ಹೇಗೆ ನೋಡಬೇಕು ಎಂದು ಕೇಳುವವರಿಗೆ: ಹಳ್ಳಿಯ ಓಣಿ ದಾಟಿ, ಮೀನು ಒಣಹಾಕಿದ ದಂಡೆಯ ಪಕ್ಕದಿಂದ ಮುಂದೆ ಹೋದರೆ ದೀಪಸ್ತಂಭ. ಅಲ್ಲಿಂದ ಮೆಟ್ಟಿಲು ಕೋಟೆಗೆ. ಕೋಟೆ ಉದ್ದಕ್ಕಿದೆ, ಅಗಲ ತೀರ ಕಡಿಮೆ, ಹಡಗಿನ ಅಟ್ಟದ ಮೇಲೆ ನಡೆದಂತೆ. ಬಾಗಿಲ ನಂತರ ಬಾಗಿಲು, ನಡುವೆ ಪಾಳುಬಿದ್ದ ಇಗರ್ಜಿ, ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು. ಬೆಳಿಗ್ಗೆ ಬೇಗ ಹತ್ತಿ, ನೆರಳಿಲ್ಲ, ನೀರು ಒಯ್ಯಿರಿ. ಊರಿನಲ್ಲಿ ಮೌಂಟ್ ಕಾರ್ಮೆಲ್ ಮಾತೆಯ ಇಗರ್ಜಿ ಇದೆ. ಭಾನುವಾರ ಪೂಜೆ ಮುಗಿದು ಜನ ಹೊರಬರುವ ಹೊತ್ತಿಗೆ ಸುಮ್ಮನೆ ಅಲ್ಲೆಲ್ಲಾದರೂ ನಿಂತರೆ ಸಾಕು, ಕಿವಿಗೆ ಬೀಳುತ್ತದೆ. ಯಾರನ್ನೂ ನಿಲ್ಲಿಸಿ ‘ನಿಮ್ಮ ಭಾಷೆಯಲ್ಲಿ ಏನಾದರೂ ಹೇಳಿ’ ಎಂದು ಫೋನು ಹಿಡಿಯಬೇಡಿ. ದೆಹಲಿಯಲ್ಲಿ ಯಾರೋ ನಿಮಗೆ ‘ಮದ್ರಾಸಿಯಲ್ಲಿ ಏನಾದರೂ ಮಾತಾಡು’ ಎಂದಾಗ ಆದದ್ದನ್ನು ನೆನಪಿಸಿಕೊಳ್ಳಿ.

ಮೀನು ಕೊಳ್ಳುವುದಿದ್ದರೆ ಮರಾಠಿಯಲ್ಲಿ ಚೌಕಾಶಿ ನಡೆಯುತ್ತದೆ. ಅವರು ತಮ್ಮೊಳಗೆ ದರ ಮಾತಾಡಿಕೊಳ್ಳುವುದು ‘ನೋ ಲಿಂಗ್’ನಲ್ಲಿ, ನೀವು ನಿಮ್ಮವರ ಜೊತೆ ಹೆಚ್ಚಾಯಿತು ಕಡಿಮೆಯಾಯಿತು ಎನ್ನುವುದು ಕನ್ನಡದಲ್ಲಿ. ಇಬ್ಬರಿಗೂ ಇನ್ನೊಬ್ಬರದು ತಿಳಿಯುವುದಿಲ್ಲ. ಕಾಶಿದ್ ಬೀಚಿಗೆ ಹೋಗುವ ಕಾರುಗಳು ಮೇಲಿನ ರಸ್ತೆಯಲ್ಲಿ ಈ ಕಡೆ ತಿರುಗದೆ ಹೋಗುತ್ತಿರುತ್ತವೆ.